ಪುಕ್ಕಟೆ ಸಿಕ್ಕ ರಾಣಿ

ನಮ್ಮ ಇಡಗುಂದಿಯಲ್ಲಿ ಮಳೆಗಾಲದ ಸಂಜೆ ಬಲು ಉದ್ದ. ತೋಟಕ್ಕೆ ಇಳಿಯುವಂತಿಲ್ಲ, ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಜಗುಲಿಯ ಮೂಲೆಯಲ್ಲಿ ಸಿಗ್ನಲ್ ಸಿಕ್ಕಿತೆಂದರೆ ಕವಳ ಹಾಕಿಕೊಂಡು ಮೊಬೈಲಿನಲ್ಲಿ ಚದುರಂಗ ಆಡುವುದು ನಿವೃತ್ತಿಯ ನಂತರ ನನಗೆ ಹತ್ತಿದ ಹವ್ಯಾಸ. ದೊಡ್ಡ ಆಟಗಾರನೇನಲ್ಲ, ಗೆದ್ದಷ್ಟೇ ಸೋಲುತ್ತೇನೆ. ಆದರೆ ಕಳೆದ ವಾರ ಒಂದಾಟವನ್ನು ಏಳೇ ನಡೆಯಲ್ಲಿ ಗೆದ್ದೆ. ಮಕ್ಕಳೇ, ಮಣೆ ತಂದಿಟ್ಟುಕೊಳ್ಳಿ, ಅಜ್ಜನನ್ನೂ ಕರೆಯಿರಿ. ನನ್ನದು ಬಿಳಿ.

ಮೊದಲು ಇಬ್ಬರೂ ರಾಜನ ಮುಂದಿನ ಪದಾತಿಯನ್ನು ಎರಡು ಮನೆ ನಡೆಸಿದೆವು. ಎರಡನೆಯದಾಗಿ ನಾನು ರಾಜನ ಕಡೆಯ ಕುದುರೆಯನ್ನು ಒಳಮುಖವಾಗಿ ಹಾರಿಸಿ ಆ ಪದಾತಿಗೆ ಗುರಿಯಿಟ್ಟೆ. ಎದುರಾಳಿ ರಾಣಿಯ ಮುಂದಿನ ಪದಾತಿಯನ್ನು ಒಂದು ಮನೆ ತಳ್ಳಿ ಅದಕ್ಕೆ ಆಸರೆ ಕೊಟ್ಟ. ಮೂರನೆಯದಾಗಿ ನನ್ನ ರಾಜನ ಪಕ್ಕದ ಒಂಟೆ ಓರೆಯಾಗಿ ಮೂರು ಮನೆ ನಡೆಯಿತು. ಅವನ ಒಂಟೆ ನಾಲ್ಕು ಮನೆ ಬಂದು ನನ್ನ ಕುದುರೆಯನ್ನು ಕಟ್ಟಿಹಾಕಿತು. ಕುದುರೆ ಸರಿದರೆ ಹಿಂದಿರುವ ರಾಣಿ ಹೋದಂತೆಯೇ! ನಾಲ್ಕನೆಯದಾಗಿ ನನ್ನ ಇನ್ನೊಂದು ಕುದುರೆಯೂ ಒಳಮುಖವಾಗಿ ಹೊರಬಂತು. ಅವನು ರಾಜನ ಕಡೆಯ ಕುದುರೆಯ ಮುಂದಿನ ಪದಾತಿಯನ್ನು ಒಂದು ಮನೆ ಸರಿಸಿದ.

ಐದನೆಯ ನಡೆಯಲ್ಲಿ, ಕಟ್ಟಿಹಾಕಿದ ಆ ಕುದುರೆಯೇ ಹಾರಿ ನಡುವಿನ ಪದಾತಿಯನ್ನು ತಿಂದಿತು. ರಾಣಿ ಬಯಲಾದಳು. ಎದುರಾಳಿಯ ಗಡಿಯಾರದಲ್ಲಿ ಬೇಕಾದಷ್ಟು ಸಮಯವಿತ್ತು. ಆದರೂ ಎರಡೇ ಸೆಕೆಂಡಿನಲ್ಲಿ ಅವನ ಒಂಟೆ ರಾಣಿಯನ್ನು ನುಂಗಿತು. ಆಗ ನನ್ನ ಒಂಟೆ ಅವನ ರಾಜನ ಓರೆ ಪಕ್ಕದ ಪದಾತಿಯನ್ನು ತಿಂದು ಚೆಕ್ ಕೊಟ್ಟಿತು. ಒಂಟೆಗೆ ಕುದುರೆಯ ಕಾವಲಿದೆ. ರಾಜ ಅದನ್ನು ತಿನ್ನುವಂತಿಲ್ಲ. ನೇರ ಮುಂದಿನ ಒಂದೇ ಮನೆಗೆ ಓಡಿದ. ಎರಡನೆಯ ಕುದುರೆ ಮಣೆಯ ನಡುವಿಗೆ ಹಾರಿತು. ಚೆಕ್‌ಮೇಟ್!

ಈ ಉಪಾಯ ನನ್ನದಲ್ಲ. 1750ರ ಸುಮಾರಿನಲ್ಲಿ ಪ್ಯಾರಿಸ್ಸಿನಲ್ಲಿ ಲೆಗಾಲ್ ಎಂಬ ಆಟಗಾರನಿದ್ದ. ಹೆಸರಾಂತ ಫಿಲಿಡೋರನಿಗೆ ಗುರು. ಅವನ ಹೆಸರಿನಿಂದಲೇ ಇದನ್ನು ಇಂದಿಗೂ 'ಲೆಗಾಲ್ ಮೇಟ್' ಎನ್ನುತ್ತಾರೆ. ಕುದುರೆಯ ಚಮತ್ಕಾರ ನಮ್ಮ ನಾಡಿಗೂ ಹೊಸತಲ್ಲ. ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಒಗಟುಗಳನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ರಚಿಸಿದ್ದರು.

ಆ ಎರಡು ಸೆಕೆಂಡುಗಳು ನನಗೆ ಬ್ಯಾಂಕಿನ ದಿನಗಳನ್ನು ನೆನಪಿಸಿದವು. ಒಮ್ಮೆ ಒಬ್ಬರು ಅಜ್ಜಿ, ಅಡಿಕೆ ಮಾರಿ ಕೂಡಿಟ್ಟ ಠೇವಣಿಯನ್ನು ಮುರಿಸಲು ನನ್ನ ಕೌಂಟರಿಗೆ ಬಂದಿದ್ದರು. ಯಾರೋ ಮೂರೇ ವರ್ಷದಲ್ಲಿ ಇಮ್ಮಡಿ ಮಾಡಿಕೊಡುತ್ತಾರಂತೆ. ನಾನು ಕೇಳಿದ್ದು ಇಷ್ಟೇ: "ಅಮ್ಮಾ, ಅಷ್ಟು ಲಾಭ ಇದ್ದರೆ ಅವರು ತಮ್ಮ ಮನೆಯ ದುಡ್ಡನ್ನೇ ಹಾಕಿಕೊಳ್ಳಬಹುದಲ್ಲ, ನಿಮ್ಮದೇಕೆ ಬೇಕು?" ಅಜ್ಜಿ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಹಾಗಾದರೆ ನಾಳೆ ಬರುತ್ತೇನೆ" ಎಂದರು. ಮರುದಿನ ಬರಲಿಲ್ಲ. ಠೇವಣಿ ಉಳಿಯಿತು.

ಈಗ ಆಮಿಷ ಫೋನಿನಲ್ಲೇ ಬರುತ್ತದೆ. ಲಾಟರಿ ಹೊಡೆದಿದೆ, ಒಟಿಪಿ ಹೇಳಿ, ಬೇಗ, ಬೇಗ! ಆ 'ಬೇಗ' ಎನ್ನುವ ಮಾತೇ ಎಚ್ಚರಿಕೆಯ ಗಂಟೆ. ಯೋಚಿಸಲು ಬಿಟ್ಟರೆ ನಾವು ಬಲೆಗೆ ಬೀಳುವುದಿಲ್ಲವೆಂದು ಅವರಿಗೂ ಗೊತ್ತು.

ನನ್ನ ಎದುರಾಳಿಯೂ ರಾಣಿಯನ್ನು ಬಿಟ್ಟು, ಪದಾತಿಯಿಂದ ನನ್ನ ಕುದುರೆಯನ್ನು ತಿಂದಿದ್ದರೆ, ನನ್ನ ರಾಣಿ ಅವನ ಒಂಟೆಯನ್ನು ತಿನ್ನುತ್ತಿದ್ದಳು. ಲೆಕ್ಕ ಹಾಕಿದರೆ ಅವನಿಗೆ ನಷ್ಟ ಒಂದೇ ಪದಾತಿ. ಆಟ ಮುಂದುವರಿಯುತ್ತಿತ್ತು.

ಹಾಗೆಂದು ರಾಣಿಯನ್ನು ಕೊಡುವವನೂ ಲೆಕ್ಕ ತಪ್ಪುವಂತಿಲ್ಲ. ಮಕ್ಕಳೇ, ಅವನು ನಾಲ್ಕನೆಯ ನಡೆಯಲ್ಲಿ ಪದಾತಿಯ ಬದಲು ರಾಣಿ ಕಡೆಯ ಕುದುರೆಯನ್ನು ಒಳಮುಖವಾಗಿ ಹೊರತಂದಿದ್ದರೆ ನನ್ನ ಉಪಾಯ ಫಲಿಸುತ್ತಿತ್ತೇ? ಕಾಯಿಗಳನ್ನು ಮತ್ತೆ ಜೋಡಿಸಿ ಅಜ್ಜನ ಜೊತೆ ಆಡಿ ನೋಡಿ. ಅವಸರ ಬೇಡ.