ಹೌಜ್ ಖಾಸಿನಿಂದ ತೀನ್ ಮೂರ್ತಿಗೆ

ಊರಿನಿಂದ ಬಂದ ನೆಂಟರಿಷ್ಟರಿಗೆ ದೆಹಲಿ ತೋರಿಸುವುದು ಇಲ್ಲಿನ ಕನ್ನಡಿಗರಿಗೆ ತಪ್ಪದ ಕರ್ತವ್ಯ. ಕುತುಬ್ ಮಿನಾರು, ಕೆಂಪು ಕೋಟೆ, ರಾಷ್ಟ್ರಪತಿ ಭವನ – ಈ ಪಟ್ಟಿ ಎಲ್ಲರ ಬಾಯಲ್ಲೂ ಇದೆ. ಪಟ್ಟಿಯಲ್ಲಿ ಸೇರದ ಒಂದು ಸುತ್ತಿನ ವಿಷಯವನ್ನು ವಾಚಕರಿಗೆ ಹೇಳಬೇಕೆಂದಿದ್ದೇನೆ. ಇದಕ್ಕೆ ಅರ್ಧ ದಿನ ಸಾಕು. ಖರ್ಚೂ ನನ್ನಂಥ ಗುಮಾಸ್ತನ ಸಂಬಳಕ್ಕೆ ಎಟುಕುವಷ್ಟೆ.

ಮೊದಲು ಹೌಜ್ ಖಾಸ್. ಹೆಸರಿನ ಅರ್ಥ ರಾಜರ ಖಾಸಾ ಕೆರೆ ಎಂದು. ತನ್ನ ಸಿರಿ ಪಟ್ಟಣದ ಜನಕ್ಕೆ ನೀರಾಗಲೆಂದು ಅಲ್ಲಾವುದ್ದೀನ್ ಖಿಲ್ಜಿ ಇದನ್ನು ತೋಡಿಸಿದ. ಮುಂದೆ ಹೂಳು ತುಂಬಿದ ಕೆರೆಯನ್ನು ಫಿರೋಜ್ ಷಾ ತುಘಲಕ್ ಶುಚಿಮಾಡಿಸಿ, ದಂಡೆಯ ಮೇಲೆ ಒಂದು ದೊಡ್ಡ ಮದರಸಾ ಕಟ್ಟಿಸಿದ. ಅದರ ಮೂಲೆಯಲ್ಲೇ ಅವನ ಗೋರಿಯೂ ಇದೆ. ಸಂಜೆಯ ಹೊತ್ತು ಆ ಕಲ್ಲುಕಂಬಗಳ ನಡುವೆ ಕುಳಿತು ನೀರು ನೋಡುವುದು ಬಲು ಹಿತ. ಆದರೆ ಕನ್ನಡಿಗನಿಗೆ ಅಲ್ಲಿ ಇನ್ನೊಂದು ನೆನಪು ಬರಬೇಕು. ಈ ಕೆರೆ ತೋಡಿಸಿದ ದೊರೆಯ ಸೇನೆಯೇ ಮಲಿಕ್ ಕಾಫೂರನ ಕೈಕೆಳಗೆ 1311ರಲ್ಲಿ ಹೊಯ್ಸಳರ ದೋರಸಮುದ್ರದವರೆಗೆ ಬಂದು, ಮೂರನೆಯ ಬಲ್ಲಾಳನನ್ನು ಮಣಿಸಿ ಕಪ್ಪ ಒಯ್ದದ್ದು. ಆ ಸೇನೆ ನಡೆಸಿದವನೂ ಮೊದಲಿಗೆ ಗುಜರಾತಿನಿಂದ ಸೆರೆಯಾಗಿ ಬಂದ ಗುಲಾಮ. ದೊರೆಗಳ ಹೆಸರು ಕಲ್ಲಿನ ಮೇಲೆ ನಿಂತಿತು. ಅವರಿಗಾಗಿ ಅಷ್ಟು ದೂರ ನಡೆದ ಕಾಲಾಳಿನ ಹೆಸರು ಎಲ್ಲಿಯೂ ಇಲ್ಲ.

ಈ ಯೋಚನೆಯನ್ನು ಜೊತೆಯಲ್ಲಿಟ್ಟುಕೊಂಡೇ ಹೌಜ್ ಖಾಸಿನಲ್ಲಿ ಮೆಟ್ರೋ ಹತ್ತಬೇಕು. ಹಳದಿ ಮಾರ್ಗದಲ್ಲಿ ಐದನೆಯ ನಿಲ್ದಾಣ ಲೋಕ ಕಲ್ಯಾಣ ಮಾರ್ಗ. ಅಲ್ಲಿಂದ ಆಟೋದಲ್ಲಿ ತೀನ್ ಮೂರ್ತಿ ಚೌಕ ಹತ್ತಿರವೇ. ನೆಹರೂ ಅವರು ವಾಸವಾಗಿದ್ದ ಮನೆಗೆ 'ತೀನ್ ಮೂರ್ತಿ' ಎಂಬ ಹೆಸರು ಬಂದದ್ದು ಎದುರಿನ ವೃತ್ತದಲ್ಲಿ ನಿಂತ ಮೂರು ಕಂಚಿನ ಸಿಪಾಯಿಗಳಿಂದ. ಒಬ್ಬ ಹೈದರಾಬಾದಿನವನು, ಒಬ್ಬ ಜೋಧಪುರದವನು, ಮೂರನೆಯವನು ನಮ್ಮ ಮೈಸೂರಿನವನು! ಲಿಯೊನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿ ಮಾಡಿದ ಈ ಸ್ಮಾರಕ 1922ರದು. ದಿನವೂ ಇದನ್ನು ಬಳಸಿಕೊಂಡು ಕಚೇರಿಗೆ ಹೋಗುವ ಎಷ್ಟೋ ಕನ್ನಡಿಗರಿಗೆ ಈ ಸಂಗತಿ ತಿಳಿಯದು.

ಮೈಸೂರು ಲ್ಯಾನ್ಸರ್ಸ್ ನಾಲ್ವಡಿ ಕೃಷ್ಣರಾಜ ಒಡೆಯರ ಕುದುರೆ ದಳ. 1914ರಲ್ಲಿ ಯುದ್ಧ ಆರಂಭವಾದೊಡನೆ ಬೆಂಗಳೂರಿನಿಂದ ಹೊರಟು, ಹಡಗೇರಿ, ಈಜಿಪ್ಟಿಗೆ ಹೋಗಿ ಸುಯೆಜ್ ಕಾಲುವೆಯನ್ನು ಕಾಯಿತು. ಅರಸು ಮನೆತನದವರೂ ಮುಸಲ್ಮಾನರೂ ಒಂದೇ ಸಾಲಿನಲ್ಲಿ ಕುದುರೆ ಏರಿದವರು. ನಾಲ್ಕು ವರ್ಷ ಮರಳುಗಾಡಿನ ಬಿಸಿಲು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮುಂದೆ ನಿಂತಾಗ ಒಂದು ಕಡೆ ಕಿಶೋನ್ ಹೊಳೆಯ ಕುಸಿಯುವ ಮರಳು, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ. ಬೆಟ್ಟದ ಮೇಲೆ ಶತ್ರುವಿನ ಫಿರಂಗಿಗಳು, ಮೆಷಿನ್ ಗನ್ನುಗಳು. ಮೈಸೂರಿನವರು ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿದ್ದರು. ಜೋಧಪುರದವರು ಪಟ್ಟಣದೊಳಕ್ಕೆ ನುಗ್ಗಿದರು. ಭರ್ಜಿ, ಕತ್ತಿ, ಕುದುರೆಗಳ ಬಲದಿಂದ ಸಂಜೆಯೊಳಗೆ ಪಟ್ಟಣ ಕೈವಶವಾಯಿತು. ಸೆರೆಸಿಕ್ಕವರು 1,350 ಮಂದಿ. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳೇ 60.

ಕತೆ ಇಲ್ಲಿಗೇ ನಿಂತಿದ್ದರೆ ಹೆಮ್ಮೆಪಟ್ಟು ಮನೆಗೆ ಬರಬಹುದಿತ್ತು. ಆದರೆ ಈ ಸವಾರರು ಹೋರಾಡಿದ್ದು ಯಾರ ಯುದ್ಧ? ತುರ್ಕಿಯವನಿಗೂ ಚಾಮರಾಜನಗರದ ರೈತನಿಗೂ ಯಾವ ಜಗಳವೂ ಇರಲಿಲ್ಲ. ಭಾರತೀಯನಿಗೆ ಬ್ರಿಟಿಷ್ ಅಧಿಕಾರಿಯ ಸಮನಾದ ರಾಜಮುದ್ರೆಯ ಹುದ್ದೆ ಸಿಗಬಹುದೆಂದು ಸರ್ಕಾರ ಒಪ್ಪಿದ್ದೇ 1917ರಲ್ಲಿ. ಕಡಲು ದಾಟಿ ಹೋರಾಡಿದ ಹತ್ತು ಲಕ್ಷಕ್ಕೂ ಮೀರಿದ ಭಾರತೀಯರಲ್ಲಿ 74,000ಕ್ಕೂ ಹೆಚ್ಚು ಮಂದಿ ಸತ್ತರು. ಪ್ರತಿಯಾಗಿ 1919ರಲ್ಲಿ ದೇಶಕ್ಕೆ ದೊರಕಿದ್ದು ರೌಲಟ್ ಶಾಸನ, ಜಲಿಯನ್‌ವಾಲಾ ಬಾಗಿನ ಗುಂಡು.

ಈ ಅನುಭವ ನಮಗೊಬ್ಬರಿಗೇ ಆದದ್ದಲ್ಲ. ಮೈಸೂರಿನ ಸವಾರರಿದ್ದ ದಂಡಿಗೆ ದಂಡನಾಯಕ ಶೋವೆಲ್ ಎಂಬ ಆಸ್ಟ್ರೇಲಿಯದವನು. ಅದೇ ದಂಡಿನಲ್ಲಿ ಆಸ್ಟ್ರೇಲಿಯದ ಕುದುರೆ ಪಡೆಗಳೂ ಇದ್ದವು. ಅವುಗಳಲ್ಲಿ ಅಲ್ಲಿನ ಮೂಲನಿವಾಸಿ ಯುವಕರೂ ಇದ್ದರು. ಯುರೋಪಿನ ರಕ್ತವಿಲ್ಲದವರು ಸೈನ್ಯಕ್ಕೆ ಬೇಡವೆಂಬುದು ಆ ದೇಶದ ನಿಯಮ. ಆಳುಗಳು ಸಾಲದೆ ಬಂದಾಗ, 1917ರಲ್ಲಿ, ತಂದೆ ತಾಯಿಯರಲ್ಲಿ ಒಬ್ಬರು ಬಿಳಿಯರಾದರೆ ಸಾಕೆಂದು ಸಡಿಲಿಸಿದರು. ದಂಡಿನಲ್ಲಿ ಬಿಳಿಯನ ಸಮಕ್ಕೆ ಸಂಬಳ, ಊಟ. ಊರಿಗೆ ಮರಳಿದ ಮೇಲೆ ಮತ್ತೆ ಹಳೆಯ ಕೀಳುಸ್ಥಾನ. ಯೋಧರಿಗೆಂದು ಸರ್ಕಾರ ಹಂಚಿದ ಜಮೀನು ಅವರಲ್ಲಿ ಹೆಚ್ಚಿನವರಿಗೆ ದಕ್ಕಲಿಲ್ಲ. ಸೈನ್ಯದಲ್ಲಿ ದುಡಿದ ಮೂಲನಿವಾಸಿಗಳಿಗೆಲ್ಲ ರಾಷ್ಟ್ರದ ಚುನಾವಣೆಯಲ್ಲಿ ಮತದ ಹಕ್ಕು ಬಂದದ್ದು 1949ರಲ್ಲಿ. ಉಳಿದ ಅವರ ಜನಕ್ಕೆಲ್ಲ 1962ರಲ್ಲಿ. ಆ ನೆಲ ಅವನ ಪೂರ್ವಿಕರದೇ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಮೈಸೂರಿನ ಸವಾರನೂ ಅವನೂ ಒಂದೇ ಬಾವಿಯ ಬಳಿ ಕುದುರೆಗಳಿಗೆ ನೀರು ಕುಡಿಸಿರಬಹುದಲ್ಲವೆ? ಮಾತು ತಿಳಿಯದಿದ್ದರೂ ಒಬ್ಬರ ಮುಖ ಒಬ್ಬರಿಗೆ ಅರ್ಥವಾಗಿರಬಹುದು.

ಹೊತ್ತಿದ್ದರೆ ಇಂಡಿಯಾ ಗೇಟಿಗೂ ಹೋಗಿಬನ್ನಿ. 1931ರಲ್ಲಿ ತೆರೆದ ಅದರ ಕಲ್ಲುಗಳಲ್ಲಿ 13,000ಕ್ಕೂ ಹೆಚ್ಚು ಹೆಸರುಗಳಿವೆ. ಹಿಂದಿನ ಮಂಟಪದಲ್ಲಿ ಒಂದು ಕಾಲಕ್ಕೆ ಐದನೆಯ ಜಾರ್ಜ್ ದೊರೆ ನಿಂತಿದ್ದ. ಅವನನ್ನು 1968ರಲ್ಲಿ ಕೆಳಗಿಳಿಸಿದರು. 2022ರಲ್ಲಿ ಅಲ್ಲಿಗೆ ನೇತಾಜಿ ಬಂದರು. ತೀನ್ ಮೂರ್ತಿಯ ಮೂವರನ್ನು ಮಾತ್ರ ಯಾರೂ ಕದಲಿಸಲಿಲ್ಲ; 2018ರಲ್ಲಿ ಚೌಕದ ಹೆಸರಿಗೆ ಹೈಫಾ ಎಂಬುದನ್ನೂ ಸೇರಿಸಿದರು. ಹೀಗಾದದ್ದು ಸರಿಯೆಂದೇ ನನ್ನ ಭಾವನೆ. ದೊರೆಯನ್ನು ಕಳುಹಿಸಿಕೊಡುವುದು ಬೇರೆ. ಅವನ ಅಪ್ಪಣೆಯಿಂದ ಸತ್ತವನನ್ನು ಮರೆಯುವುದು ಬೇರೆ.

ರಜೆಯಲ್ಲಿ ಊರಿಗೆ ಹೋಗುವವರು ಬೆಂಗಳೂರಿನ ಜೆ. ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನೂ ನೋಡಬಹುದು. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಆ ದಳದಲ್ಲಿದ್ದರೆ, ಹಳೆಯ ಪೆಟ್ಟಿಗೆಯಲ್ಲಿ ಪದಕವೋ ಪತ್ರವೋ ಉಳಿದಿದ್ದರೆ, ಮಕ್ಕಳಿಗೆ ತೋರಿಸಿ, ಹೆಸರು ಬರೆಸಿಡಿ. ದೆಹಲಿಯಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳು ಈ ಊರಿನಲ್ಲಿ ನಮ್ಮದೇನಿದೆ ಎಂದು ಕೇಳುತ್ತಾರೆ. ಅವರನ್ನು ಸೆಪ್ಟೆಂಬರ್ 23ರ ಆಸುಪಾಸಿನ ಒಂದು ಭಾನುವಾರ ಚೌಕಕ್ಕೆ ಕರೆದೊಯ್ದು, ಆ ಮೂವರಲ್ಲಿ ಒಬ್ಬ ನಮ್ಮವನು ಎಂದು ಹೇಳಿ. ಮಿಕ್ಕಿಬ್ಬರೂ ನಮ್ಮವರೇ ಎಂದು ಹೇಳುವುದನ್ನೂ ಮರೆಯಬೇಡಿ.