ಸೆಂಟರ್ ಬೋಲ್ಟ್ ತುಂಡಾದ ರಾತ್ರಿ

ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವ ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ ಕಾರುಗಳನ್ನು ಎಳೆದು ತರುವುದು ನನ್ನ ಕಸುಬು. ರಾಷ್ಟ್ರೀಯ ಹೆದ್ದಾರಿ 75ರ ಈ ಭಾಗಕ್ಕೆ ಕಾಂಕ್ರೀಟ್ ಹಾಕಲು 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ರಸ್ತೆ ಮುಚ್ಚಿದ್ದರು. ಕಾಂಕ್ರೀಟ್ ಬಂದ ಮೇಲೂ ತಿರುವುಗಳು ಇದ್ದಂತೆಯೇ ಇವೆ. ಜುಲೈ ಮಳೆಯಲ್ಲಿ ದೊಡ್ಡತಪ್ಪಲಿನಂಥ ಕಡೆ ಗುಡ್ಡ ಜರಿಯುವುದೂ ನಿಂತಿಲ್ಲ. ಬೇರೆಯವರು ಗಾಡಿ ತೆಗೆಯಲು ಹಿಂಜರಿಯುವ ಇಂಥ ರಾತ್ರಿಗಳಲ್ಲೇ ನನಗೆ ಕರೆ ಬರುತ್ತದೆ.

ನನ್ನದು ಪಿಕಪ್ ಗಾಡಿ. ಹಿಂದೆ ಕಬ್ಬಿಣದ ತೋಳು ಇದೆ. ಅದು ಕಾರಿನ ಮುಂದಿನ ಎರಡು ಗಾಲಿ ಎತ್ತಿ ಹಿಡಿಯುತ್ತದೆ, ಹಿಂದಿನ ಗಾಲಿಗಳು ರಸ್ತೆಯ ಮೇಲೆ ಉರುಳಿಕೊಂಡು ಬರುತ್ತವೆ. ನೋಡುವವರಿಗೆ ಇದು ಎಳೆಯುವ ಕೆಲಸ. ಓಡಿಸುವವನಿಗೆ ಇದು ಹೊರುವ ಕೆಲಸವೂ ಹೌದು. ಕಾರಿನ ಮೂತಿಯ ಭಾರವೆಲ್ಲ ನನ್ನ ಹಿಂದಿನ ಆಕ್ಸಲ್‌ಗಿಂತ ಹಿಂದೆ ನೇತಾಡುತ್ತದೆ. ಹಾಗಾಗಿ ಹಿಂಭಾಗ ಕುಸಿದು ಮುಂಭಾಗ ಮೇಲೇಳುತ್ತದೆ, ಆಕ್ಸಲಿನ ಮೇಲೆ ಗಾಡಿಯ ಭಾರ ಹೊರುವ ಕಮಾನ್ ಪ್ಲೇಟುಗಳು, ಅಂದರೆ ಸ್ಪ್ರಿಂಗ್ ಪಟ್ಟಿಗಳು, ಚಪ್ಪಟೆಯಾಗಿ ರಬ್ಬರ್ ಸ್ಟಾಪರಿಗೆ ಬಡಿಯುತ್ತವೆ. ಅದನ್ನು ತಡೆಯಲೆಂದೇ ಮಳೆ ಹಿಡಿಯುವ ಮೊದಲು ಒಂದು ಗ್ಯಾರೇಜಿನಲ್ಲಿ ಎರಡೂ ಕಡೆ ಹೆಚ್ಚುವರಿ ಪ್ಲೇಟ್ ಹಾಕಿಸಿದೆ. ಗಾಡಿ ಹಿಂದೆ ಎತ್ತರವಾಗಿ ನಿಂತಿತು. ಕಾರು ಎತ್ತಿದರೂ ಮೊದಲಿನಷ್ಟು ಕುಸಿಯಲಿಲ್ಲ. ನೋಡಿ ಸಮಾಧಾನವಾಯಿತು.

ಆ ರಾತ್ರಿ ಮಾರನಹಳ್ಳಿ ಹತ್ತಿರ ಮೋರಿಗೆ ಗುದ್ದಿ ರೇಡಿಯೇಟರ್ ಒಡೆದುಕೊಂಡಿದ್ದ ಒಂದು ಕಾರನ್ನು ಮಂಗಳೂರಿಗೆ ಒಯ್ಯಬೇಕಿತ್ತು. ಕಾರಿನವರು ಬೇರೆ ಗಾಡಿ ಹಿಡಿದು ಮುಂದೆ ಹೋಗಿದ್ದರು. ನನ್ನ ಜೊತೆ ಅಕ್ಕನ ಮಗ ಇದ್ದ. ಕಾರು ಎತ್ತಿ, ಬೆಲ್ಟ್ ಬಿಗಿದು, ಸೆಕೆಂಡ್ ಗೇರಿನಲ್ಲಿ ಇಳಿಯತೊಡಗಿದೆವು. ಮಳೆ ಎಷ್ಟಿತ್ತೆಂದರೆ ವೈಪರ್ ತಿರುಗಿದ ಮರುಕ್ಷಣವೇ ಗಾಜು ಮುಚ್ಚುತ್ತಿತ್ತು.

ಕೆಂಪುಹೊಳೆ ದಾಟಿದ ಮೇಲೆ ಸ್ಟೇರಿಂಗ್ ಬಲಕ್ಕೆ ಎಳೆಯಲು ಶುರುವಾಯಿತು. ನೇರ ಹೋಗಬೇಕಾದರೂ ಎಡಕ್ಕೆ ಹಿಡಿದುಕೊಂಡೇ ಇರಬೇಕು. ಟೈರು ಪಂಕ್ಚರ್ ಆಗಿರಬಹುದು, ಸ್ವಲ್ಪ ಅಗಲ ಸಿಕ್ಕಿದ ಕಡೆ ನಿಲ್ಲಿಸೋಣ ಅಂದುಕೊಂಡೆ. "ಮಾಮ, ರಬ್ಬರ್ ಸುಟ್ಟ ವಾಸನೆ" ಎಂದ ಹುಡುಗ. ಅಷ್ಟರಲ್ಲಿ ಎಡ ತಿರುವು ಬಂತು. ಸ್ಟೇರಿಂಗ್ ತಿರುಗಿಸಿದೆ. ಗಾಲಿ ತಿರುಗಿತು, ಗಾಡಿ ತಿರುಗಲಿಲ್ಲ. ಮುಂದಿನ ಟೈರುಗಳು ಒದ್ದೆ ಕಾಂಕ್ರೀಟಿನ ಮೇಲೆ ಬಲಕ್ಕೆ ಜಾರುತ್ತ ಎದುರಿನ ಸಾಲಿಗೆ ಹೋದವು. ಕೆಳಗಿನಿಂದ ಒಂದು ಬಸ್ಸು ಏರಿ ಬರುತ್ತಿತ್ತು. ಬ್ರೇಕಿನಿಂದ ಕಾಲು ತೆಗೆದೆ. ಜಾರುವ ಗಾಲಿ ಹಿಡಿತಕ್ಕೆ ಬರಬೇಕಾದರೆ ಅದು ಉರುಳಬೇಕು. ಆ ಹೊತ್ತಿನಲ್ಲಿ ಕಾಲು ತೆಗೆಯುವುದು ಎಷ್ಟು ಕಷ್ಟ ಎಂದು ಮಾತಿನಲ್ಲಿ ಹೇಳಲಾರೆ. ಗಾಡಿ ಎಡಕ್ಕೆ ಹೊರಳಿತು. ಬಸ್ಸು ಬೆಟ್ಟದ ಕಡೆಯ ಚರಂಡಿಗೆ ತಾಗುವಷ್ಟು ಸರಿದು ನಿಂತಿತ್ತು. ನಮ್ಮ ನಡುವೆ ಒಬ್ಬ ಮನುಷ್ಯ ಅಡ್ಡಲಾಗಿ ದಾಟಬಹುದಾದಷ್ಟು ಜಾಗ ಉಳಿದಿತ್ತು.

ಬಸ್ಸಿನ ಚಾಲಕರು ಇಳಿದು ಬಂದು ಬಯ್ದರು. "ನಿನ್ನ ಲೈಟು ಮರದ ತುದಿಗೆ ಹೊಡೀತಿತ್ತಲ್ಲೋ, ನನಗೇನೂ ಕಾಣ್ಲಿಲ್ಲ" ಎಂದರು. ಹುಡುಗ ನಡುಗುತ್ತಿದ್ದುದನ್ನು ಕಂಡು ದನಿ ತಗ್ಗಿಸಿದರು. ಕಂಡಕ್ಟರು ಸೊಪ್ಪಿನ ಕೊಂಬೆ ಮುರಿದು ಗಾಡಿಯ ಮೇಲ್ಗಡೆಗೂ ಕೆಳಗಡೆಗೂ ರಸ್ತೆಯಲ್ಲಿ ಇಟ್ಟರು. ಹುಡುಗ ಗಾಲಿಗೆ ಕಲ್ಲು ಕೊಟ್ಟ. ಪ್ರಯಾಣಿಕರು ನಾಲ್ಕಾರು ಜನ ಮಳೆಯಲ್ಲೇ ಇಳಿದು, ಕಾರನ್ನು ಬಿಡಿಸಿ ಅಂಚಿಗೆ ತಳ್ಳಿಕೊಟ್ಟರು. ಅವರಲ್ಲಿ ಯಾರ ಮುಖವೂ ನನಗೆ ನೆನಪಿಲ್ಲ. ಕತ್ತಲು ಹಾಗಿತ್ತು.

ಟಾರ್ಚ್ ಹಿಡಿದು ಕೆಳಗೆ ನೋಡಿದಾಗ ವಿಷಯ ಗೊತ್ತಾಯಿತು. ಎಡಗಡೆ ಹಿಂದಿನ ಗಾಲಿ ತನ್ನ ಜಾಗ ಬಿಟ್ಟು ನಾಲ್ಕು ಬೆರಳಷ್ಟು ಹಿಂದಕ್ಕೆ ಹೋಗಿ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಕಮಾನ್ ಪ್ಲೇಟುಗಳನ್ನು ಒಟ್ಟಿಗೆ ಪೋಣಿಸಿ ಹಿಡಿಯುವುದು ಸೆಂಟರ್ ಬೋಲ್ಟ್. ಅದರ ತಲೆ ಆಕ್ಸಲಿನ ಮೇಲಿನ ಗುಳಿಯಲ್ಲಿ ಕೂತು ಆಕ್ಸಲನ್ನು ಅದರ ಜಾಗದಲ್ಲಿ ನಿಲ್ಲಿಸುತ್ತದೆ. ಆದರೆ ನಿಜವಾದ ಬಿಗಿತ ಬರಬೇಕಾದ್ದು ಪ್ಲೇಟುಗಳನ್ನು ಆಕ್ಸಲಿಗೆ ಕಟ್ಟಿ ಹಿಡಿಯುವ ಯು ಬೋಲ್ಟುಗಳಿಂದ. ಅವು ಸಡಿಲವಾದರೆ ಪ್ರತಿ ಬ್ರೇಕಿನ ಹೊಡೆತವೂ ಆ ಸಣ್ಣ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಪ್ಲೇಟ್ ಹಾಕಿದ ಗ್ಯಾರೇಜಿನವರು ಒಮ್ಮೆ ಬಿಗಿದು ಎಳೆದು ಹೋಗಿದ್ದ ಹಳೇ ಯು ಬೋಲ್ಟುಗಳನ್ನೇ ಮತ್ತೆ ಕೂರಿಸಿದ್ದರು. ಪ್ಲೇಟ್ ಸೇರಿ ದಪ್ಪ ಹೆಚ್ಚಾದದ್ದರಿಂದ ಅವುಗಳ ಥ್ರೆಡ್ ನಟ್ಟಿಗೆ ಅರ್ಧವೂ ಸಿಕ್ಕಿರಲಿಲ್ಲ. ಘಾಟಿ ಇಳಿಯುತ್ತ ಬ್ರೇಕ್ ಹಿಡಿದ ಹಾಗೆಲ್ಲ ಆಕ್ಸಲ್ ಹಿಂದಕ್ಕೆ ಒದ್ದಿದೆ, ಬೋಲ್ಟ್ ತುಂಡಾಗಿದೆ.

ಬೆಳಗಿನವರೆಗೂ ಕ್ಯಾಬಿನ್ನಿನಲ್ಲಿ ಕೂತೆವು. ಲಾರಿ ಹಾದಾಗಲೆಲ್ಲ ಗಾಡಿ ಅಲುಗುತ್ತಿತ್ತು. ಕಾಲಿಗೆ ಹತ್ತಿದ್ದ ಇಂಬಳಗಳನ್ನು ಕಿತ್ತು ಎಸೆಯುತ್ತಿದ್ದೆ. ಹುಡುಗ ಮಲಗಲಿಲ್ಲ. ಅವನ ತಾಯಿಗೆ ಏನು ಹೇಳುವುದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬೆಳಕಾದ ಮೇಲೆ ಸಕಲೇಶಪುರದಿಂದ ಮೆಕ್ಯಾನಿಕ್ ಬಂದು ಆಕ್ಸಲ್ ಸರಿಸಿ, ತಾತ್ಕಾಲಿಕವಾಗಿ ಬೋಲ್ಟ್ ಹಾಕಿಕೊಟ್ಟ. ಕಾರನ್ನು ಬೇರೆಯವರಿಗೆ ಒಪ್ಪಿಸಿ ಖಾಲಿ ಗಾಡಿಯನ್ನು ನಿಧಾನಕ್ಕೆ ಹಾಸನಕ್ಕೆ ಹತ್ತಿಸಿದೆ.

ಹಾಸನದಲ್ಲಿ ಲಾರಿಗಳ ಕಮಾನ್ ಕೆಲಸವನ್ನೇ ಜೀವಮಾನವಿಡೀ ಮಾಡಿದ ಒಬ್ಬ ಸಾಬರಿದ್ದಾರೆ. ಅವರು ಗಾಡಿಯ ಕೆಳಗೆ ತೂರುವ ಮೊದಲೇ ಕೇಳಿದರು: "ಮುಂದಿನ ಆಕ್ಸಲ್ ತೂಕ ಎಷ್ಟು ಸ್ವಾಮಿ, ಕಾರು ಎತ್ತಿದಾಗ?" ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ವೇಬ್ರಿಡ್ಜಿಗೆ ಕಳಿಸಿದರು. ಮುಂದಿನ ಗಾಲಿ ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ತೂಗಬೇಕು, ಒಮ್ಮೆ ಖಾಲಿ, ಒಮ್ಮೆ ಬೇರೊಂದು ಕಾರು ಎತ್ತಿ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 3 ಮೀಟರ್, ಅಲ್ಲಿಂದ ತೋಳಿನ ತುದಿಗೆ ಒಂದೂವರೆ ಮೀಟರ್. ತೋಳಿನ ತುದಿಯಲ್ಲಿ 600 ಕಿಲೋ ತೂಗುಬಿಟ್ಟರೆ ಮುಂದಿನ ಗಾಲಿಗಳ ಮೇಲಿನ ಭಾರ 300 ಕಿಲೋ ಇಳಿಯುತ್ತದೆ, ಹಿಂದಿನ ಆಕ್ಸಲಿಗೆ 900 ಕಿಲೋ ಏರುತ್ತದೆ. ಹಿಂದಿನ ಆಕ್ಸಲ್ಲೇ ಏತದ ಕಂಬ. ಭಾರ ಇಳಿದ ಮುಂದಿನ ಗಾಲಿ ಆ ತಿರುವಿನಲ್ಲಿ ಹಿಡಿತ ಕಳೆದುಕೊಂಡದ್ದು ಅದಕ್ಕೇ.

ಮುಖ್ಯವಾದ ಸಂಗತಿ ಆಮೇಲೆ ತಿಳಿಯಿತು. ಹೊಸ ಪ್ಲೇಟ್ ಕೂರಿಸಿದ ಮೇಲೆ ಅದೇ ಕಾರು ಎತ್ತಿ ಮತ್ತೆ ತೂಗಿಸಿದರು. ಗಾಡಿ ನೀಟಾಗಿ ಮಟ್ಟಕ್ಕೆ ನಿಂತಿತ್ತು, ಲೈಟು ರಸ್ತೆಗೆ ಬೀಳುತ್ತಿತ್ತು. ಆದರೆ ಮುಂದಿನ ಆಕ್ಸಲಿನ ತೂಕ ಹೆಚ್ಚುಕಡಿಮೆ ಮೊದಲಿದ್ದಷ್ಟೇ. "ಪ್ಲೇಟ್ ಕುಸಿಯೋದನ್ನ ತಡೀತದೆ. ಮುಂದಿನ ಗಾಲಿಗೆ ಭಾರ ತಂದುಕೊಡಲ್ಲ" ಎಂದರು ಸಾಬರು. ಹಿಂಭಾಗ ಎತ್ತರ ನಿಂತಿದೆ ಎಂದು ಧೈರ್ಯ ತಂದುಕೊಂಡು ಘಾಟಿ ಇಳಿಯುವವರು ನಮ್ಮ ಕಸುಬಿನಲ್ಲಿ ಎಷ್ಟೋ ಜನ ಇದ್ದಾರೆ. ಅವರೆಲ್ಲ ಒಮ್ಮೆ ಆ ವೇಬ್ರಿಡ್ಜಿನ ಚೀಟಿ ನೋಡಬೇಕು ಎನ್ನುವುದು ನನ್ನ ಆಸೆ.

ಅವರು ಮಾಡಿದ ಕೆಲಸವನ್ನು ಪಕ್ಕದಲ್ಲೇ ಕೂತು ನೋಡಿದೆ. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಇಳಿಸಿದರು. ಮೂಲ ಪ್ಲೇಟುಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿದರು. ಬಿರುಕಿದ್ದ ಒಂದನ್ನು ಪಕ್ಕಕ್ಕಿಟ್ಟರು. ವೆಲ್ಡ್ ಮಾಡಬಹುದಲ್ಲವೇ ಎಂದು ಹುಡುಗ ಕೇಳಿದ. ಬೆಂಕಿ ತಾಗಿದರೆ ಸ್ಪ್ರಿಂಗ್ ಉಕ್ಕಿನ ಹದ ಹೋಗುತ್ತದೆ, ಆ ಜಾಗದಲ್ಲೇ ಮುರಿಯುತ್ತದೆ ಎಂದರು. ಹೆಚ್ಚುವರಿ ಭಾರ ಹೊರುವ ಹೆಲ್ಪರ್ ಪ್ಲೇಟನ್ನು ಮೇಲ್ಗಡೆ, ಖಾಲಿ ಇದ್ದಾಗ ಎಲ್ಲೂ ತಾಗದಂತೆ, ಕಾರು ಎತ್ತಿದ ಮೇಲೆ ಮಾತ್ರ ಸ್ಟಾಪರಿಗೆ ಒರಗುವಂತೆ ಕೂರಿಸಿದರು. ಹಿಂದಿನವರು ಹಾಕಿದ್ದ ಪ್ಲೇಟ್ ಸದಾ ಭಾರ ಹೊರುತ್ತಿತ್ತು. ಖಾಲಿ ಗಾಡಿ ಗುಂಡಿಯಲ್ಲಿ ಬೆನ್ನು ಮುರಿಯುವಂತೆ ಕುಪ್ಪಳಿಸುತ್ತಿದ್ದುದು ಅದಕ್ಕೇ. ಹೊಸ ಸೆಂಟರ್ ಬೋಲ್ಟ್, ಉದ್ದ ಹೆಚ್ಚಿನ ಹೊಸ ಯು ಬೋಲ್ಟ್ ಬಂದವು. ಗಾಡಿಯ ಭಾರ ಗಾಲಿಯ ಮೇಲೆ ಬಂದ ನಂತರವೇ ಕೊನೆಯ ಬಿಗಿತ, ಅದೂ ಮೂಲೆಯಿಂದ ಮೂಲೆಗೆ, ಟಾರ್ಕ್ ಪಾನಾ ಹಿಡಿದು.

ಎದ್ದು ನಿಂತ ಮೇಲೆ ಮತ್ತೆ ಬಗ್ಗಿದರು. ನಮ್ಮ ಗಾಡಿಯಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಆಯಿಲ್ ಒತ್ತಡ ಹೋಗಬೇಕೆಂದು ತೀರ್ಮಾನಿಸುವ ವಾಲ್ವ್ ಒಂದಿದೆ, ಅದರ ಕಡ್ಡಿ ಆಕ್ಸಲಿಗೆ ಸೇರಿರುತ್ತದೆ. ಗಾಡಿ ಕುಸಿದಷ್ಟೂ ಭಾರ ಇದೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ಹೆಲ್ಪರ್ ಹಾಕಿ ಕುಸಿತ ತಡೆದರೆ, ಭಾರ ಇದ್ದರೂ ಖಾಲಿ ಎಂದೇ ತಿಳಿಯುತ್ತದೆ. ಮುಂದಿನ ಗಾಲಿಗೆ ಹಿಡಿತವಿಲ್ಲ, ಹಿಂದಿನದಕ್ಕೆ ಬ್ರೇಕಿಲ್ಲ. ಆ ರಾತ್ರಿ ನಾವು ಹಾಗೆಯೇ ಇಳಿದಿದ್ದೆವು. ಬ್ರೇಕಿನವರನ್ನು ಕರೆಸಿ ಕಡ್ಡಿಯ ಅಳತೆ ಸರಿಮಾಡಿಸಿದ ಮೇಲೆಯೇ ಅವರು ಕೀಲಿ ಕೊಟ್ಟದ್ದು.

ತೋಳನ್ನು ಒಂದು ಅಡಿಯಷ್ಟು ಒಳಕ್ಕೆ ಎಳೆಸಿದೆ. ಅದರಿಂದ ಮುಂದಿನ ಗಾಲಿಗೆ 60 ಕಿಲೋ ವಾಪಸ್ ಬಂತು. ಗಾಡಿಯ ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಪ್ಲೇಟ್ ಸೇರಿಸಿದ ಮಾತ್ರಕ್ಕೆ ಹೆಚ್ಚುವುದಿಲ್ಲ. ಹಾಗಾಗಿ ದೊಡ್ಡ ಕಾರುಗಳನ್ನು ಈಗ ನಾನು ಎತ್ತುವುದಿಲ್ಲ, ಇಡೀ ಗಾಡಿಯನ್ನೇ ಮೇಲೆ ಹೇರಿಕೊಳ್ಳುವ ಫ್ಲಾಟ್‌ಬೆಡ್‌ನವರ ನಂಬರ್ ಕೊಡುತ್ತೇನೆ. ಬಾಡಿಗೆ ಕಡಿಮೆಯಾಗಿದೆ. ಹೊಸ ಯು ಬೋಲ್ಟುಗಳು ಸ್ವಲ್ಪ ದೂರ ಓಡಿದ ಮೇಲೆ ಸಡಿಲವಾಗಿಯೇ ಆಗುತ್ತವೆ, ಮತ್ತೆ ಬಿಗಿಸಲೇಬೇಕು ಎಂದಿದ್ದರು ಸಾಬರು. ಬಿಗಿಸಲು ಹೋದಾಗ ನಟ್ಟು ಕಾಲು ಸುತ್ತು ತಿರುಗಿತು. ಪಾನಾ ಹಿಡಿದಿದ್ದವನು ಅಕ್ಕನ ಮಗ. ಅಕ್ಕ ಅವನನ್ನು ರಾತ್ರಿ ಘಾಟಿಗೆ ಇನ್ನೂ ಕಳಿಸುತ್ತಿಲ್ಲ, ನಾನೂ ಕೇಳಿಲ್ಲ.