ಬಿ ಪಾಸಿಟಿವ್ ಎಂದರೆ ರಕ್ತದ ಗುಂಪಲ್ಲ

ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಮುಂದೆ ಓದಿದ ನನಗೆ ನಮ್ಮ ಓಣಿಯಲ್ಲಿ ಕಥೆಗಾರ್ತಿ ಎಂಬುದಕ್ಕಿಂತ ಕಾಗದ ಓದಿ ಹೇಳುವವಳು ಎಂಬ ಹೆಸರೇ ಹೆಚ್ಚು. ಬ್ಯಾಂಕಿನ ನೋಟೀಸು, ರೇಷನ್ ಕಾರ್ಡಿನ ಅರ್ಜಿ, ಮದರಸದ ರಸೀದಿ ಎಲ್ಲವೂ ಹಗಲು ಹೊತ್ತಿನಲ್ಲೇ ಬರುತ್ತವೆ. ಹೆಂಗಸರ ತಪಾಸಣೆಯ ಕಾಗದ ಮಾತ್ರ ಸೆರಗಿನ ಮರೆಯಲ್ಲಿ, ಗಂಡಸರು ಮಸೀದಿಗೆ ಹೋದ ವೇಳೆ ನೋಡಿ ಬರುತ್ತದೆ.

2019ರ ಮಳೆಗಾಲದಲ್ಲಿ ಹಾಗೆ ಬಂದದ್ದು ನನ್ನ ತಂಗಿಯ ಮಗಳ ಕಾಗದ. ಬೆಂಗಳೂರಿನಲ್ಲಿ ಗಂಡನ ಜೊತೆ ಇದ್ದ ಹುಡುಗಿ ಚೊಚ್ಚಲ ಹೆರಿಗೆಗೆ ಶಾಂತಿಗ್ರಾಮದ ತವರಿಗೆ ಬಂದಿದ್ದಳು. ಮೂವತ್ತಾರು ವಾರ ತುಂಬಿದಾಗ ಅಲ್ಲಿನ ಡಾಕ್ಟರು ಮಾಡಿಸಿದ್ದ ಒಂದು ಪರೀಕ್ಷೆಯ ಫಲಿತಾಂಶ ಅವಳು ಊರು ಸೇರಿದ ಮೇಲೆ ತಲುಪಿತ್ತು. ‘ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್: ಪಾಸಿಟಿವ್.’

ತಂಗಿ ನಿರಾಳವಾಗಿದ್ದಳು. “ಬಿ ಪಾಸಿಟಿವ್ ತಾನೆ ಆಪಾ? ತಾಯಿ ಕಾರ್ಡಿನಲ್ಲಿ ಮೊದಲೇ ಬರೆದಿದ್ದಾರಲ್ಲ. ನಂದೂ ಅದೇ ಗುಂಪು” ಎಂದು ಕಾಗದವನ್ನು ಮಡಚಿ ಚೀಲಕ್ಕೆ ಸೇರಿಸುವವಳಿದ್ದಳು. ಆದರೆ ಸೊಸೆಯನ್ನು ನೋಡಲು ಚನ್ನರಾಯಪಟ್ಟಣದಿಂದ ಬಂದಿದ್ದ ಬೀಗಿತ್ತಿಯ ಕಿವಿಗೆ ಬಿದ್ದದ್ದು ‘ಪಾಸಿಟಿವ್’ ಎಂಬ ಒಂದೇ ಮಾತು. ಬಸ್ ನಿಲ್ದಾಣದ ಗೋಡೆಗಳ ಮೇಲೆ, ಆಸ್ಪತ್ರೆಯ ಫಲಕಗಳಲ್ಲಿ ವರ್ಷಗಟ್ಟಲೆ ಓದಿ ಆ ಮಾತು ನಮ್ಮ ಕಡೆ ಒಂದೇ ರೋಗಕ್ಕೆ ಅಂಟಿಕೊಂಡುಬಿಟ್ಟಿದೆ. ಆಕೆ ನನ್ನನ್ನು ಅಡಿಗೆಮನೆಗೆ ಕರೆದು ಪಿಸುದನಿಯಲ್ಲಿ ಕೇಳಿದರು: “ಇದು ಯಾರಿಂದ ಬಂತು ಆಪಾ?”

ಒಬ್ಬರಿಗೆ ಅದು ಏನೂ ಅಲ್ಲ, ಇನ್ನೊಬ್ಬರಿಗೆ ಮನೆತನದ ಮಾನದ ಪ್ರಶ್ನೆ. ನಡುವೆ ಕೂತಿದ್ದ ತುಂಬು ಬಸುರಿ ಮಾತ್ರ ಏನೂ ಹೇಳದೆ ನನ್ನ ಮುಖ ನೋಡುತ್ತಿದ್ದಳು. ಬೆಂಗಳೂರಿನ ಡಾಕ್ಟರಿಗೆ ಫೋನು ಹಚ್ಚಿ, ಅವರು ಹೇಳಿದ್ದನ್ನು ಒಂದೊಂದಾಗಿ ಬರೆದುಕೊಂಡು, ಮೂವರನ್ನೂ ಕೂರಿಸಿ ಓದಿ ಹೇಳಿದೆ.

ಇದು ರಕ್ತದ ಗುಂಪಲ್ಲ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾಗಳನ್ನು ಎ, ಬಿ, ಸಿ ಎಂದು ಗುಂಪು ಮಾಡಿದವರು ನ್ಯೂಯಾರ್ಕಿನ ವಿಜ್ಞಾನಿ ರೆಬೆಕಾ ಲ್ಯಾನ್ಸ್‌ಫೀಲ್ಡ್, 1933ರಲ್ಲಿ. ಆ ‘ಬಿ’ ಇದು. ಯಾರಿಂದಲೋ ಬಂದ ಲೈಂಗಿಕ ರೋಗವೂ ಅಲ್ಲ. ಜಗತ್ತಿನಲ್ಲಿ ಸುಮಾರು ಐವರು ಗರ್ಭಿಣಿಯರಲ್ಲಿ ಒಬ್ಬರ ಕರುಳಿನಲ್ಲಿ, ಹೆರಿಗೆಯ ದಾರಿಯಲ್ಲಿ ಈ ಜೀವಾಣು ತನ್ನಷ್ಟಕ್ಕೆ ಇರುತ್ತದೆ, ಬರುತ್ತದೆ, ಹೋಗುತ್ತದೆ. ಸಾಮಾನ್ಯವಾಗಿ ತಾಯಿಗೆ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಶುಚಿ ಇಲ್ಲದವರಿಗೆ ಬರುತ್ತದೆ ಎಂಬುದೂ ಸುಳ್ಳು.

ಅಪಾಯ ಇರುವುದು ಮಗುವಿಗೆ. ತಾಯಿಯಲ್ಲಿ ಈ ಜೀವಾಣು ಇದ್ದರೆ ಹುಟ್ಟುವಾಗ ಅರ್ಧದಷ್ಟು ಮಕ್ಕಳ ಮೈಗೆ ಅದು ದಾಟುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಮದ್ದು ಕೊಡದಿದ್ದರೆ ಇಂಥ ನೂರು ತಾಯಂದಿರಲ್ಲಿ ಒಬ್ಬಿಬ್ಬರ ಮಗುವಿಗೆ ಮೊದಲ ವಾರದಲ್ಲೇ, ಬಹುಮಟ್ಟಿಗೆ ಮೊದಲ ಒಂದೆರಡು ದಿನಗಳಲ್ಲೇ, ರಕ್ತದ ನಂಜು, ನ್ಯುಮೋನಿಯಾ ಅಥವಾ ಮಿದುಳು ಪೊರೆಯ ಉರಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಮದ್ದು ದುಬಾರಿಯದಲ್ಲ. ಹಳೆಯ ಪೆನಿಸಿಲಿನ್ ಅಥವಾ ಆಂಪಿಸಿಲಿನ್ ಸಾಕು. ಆದರೆ ಅದನ್ನು ಬೇನೆ ಶುರುವಾದ ಮೇಲೆ, ಇಲ್ಲವೇ ನೀರು ಒಡೆದ ಮೇಲೆ, ರಕ್ತನಾಳದ ಮೂಲಕ ಕೊಡಬೇಕು. ಮಗು ಹುಟ್ಟುವುದಕ್ಕೆ ನಾಲ್ಕು ಗಂಟೆಯಾದರೂ ಮೊದಲು ಶುರುವಾದರೆ ಒಳ್ಳೆಯದು. ಹೆರಿಗೆಯ ತನಕ ನಾಲ್ಕು ಗಂಟೆಗೊಮ್ಮೆ ಮುಂದುವರಿಸುತ್ತಾರೆ.

“ಹಾಗಾದರೆ ಈಗಲೇ ಮಾತ್ರೆ ನುಂಗಿಸಿಬಿಡೋಣ” ಎಂದಳು ತಂಗಿ. ಅದು ಪ್ರಯೋಜನವಿಲ್ಲ. ಇಂದು ಮಾತ್ರೆಯಿಂದ ಅಡಗಿದ್ದು ಹೆರಿಗೆಯ ಹೊತ್ತಿಗೆ ಮತ್ತೆ ಬಂದಿರಬಹುದು. ಮೂತ್ರದಲ್ಲಿ ಸೋಂಕು ಕಂಡವರಿಗೆ ಮಾತ್ರ ಮೊದಲೇ ಚಿಕಿತ್ಸೆ ಬೇಕು. ಪೆನಿಸಿಲಿನ್ ಒಗ್ಗದವರು ಅದನ್ನು ಮುಂಚೆಯೇ ಹೇಳಿದರೆ ಬೇರೆ ಮದ್ದಿದೆ.

ಬೀಗಿತ್ತಿಗೆ ಇನ್ನೂ ಒಂದು ಸಂಶಯವಿತ್ತು: “ಎದೆಹಾಲು ಕೊಡಬಹುದಾ?” ಧಾರಾಳವಾಗಿ ಕೊಡಬಹುದು. ಈ ಜೀವಾಣುವಿನ ಶಾಸ್ತ್ರೀಯ ಹೆಸರಿನ ಎರಡನೆಯ ಪದ ‘ಅಗಲಾಕ್ಟಿಯೇ’, ಎಂದರೆ ‘ಹಾಲಿಲ್ಲದ್ದು’. ಆ ಹೆಸರು ಬಂದದ್ದು ಹಸುವಿನಿಂದ. ಇದನ್ನು ಮೊದಲು ಗುರುತಿಸಿದ್ದು 1887ರಲ್ಲಿ, ಫ್ರಾನ್ಸಿನ ನೊಕಾರ್ ಮತ್ತು ಮೊಲೆರೊ ಎಂಬ ಇಬ್ಬರು, ಕೆಚ್ಚಲು ಬಾವು ಬಂದ ಹಸುಗಳಲ್ಲಿ. ಬೆಳಗಾದರೆ ಡೇರಿಯ ಮುಂದೆ ಕ್ಯಾನು ಹಿಡಿದು ಸಾಲು ನಿಲ್ಲುವ ನಮ್ಮ ಹಾಸನ ಸೀಮೆಯವರಿಗೆ ಕೆಚ್ಚಲು ಬಾವು ಏನೆಂದು ವಿವರಿಸಬೇಕಿಲ್ಲ. ಹಸುವಿನ ಹಾಲು ಒಡೆದರೆ ಅದೇ ದಿನ ಪಶುವೈದ್ಯರನ್ನು ಕರೆಯುತ್ತೇವೆ, ಯಾರಿಂದ ಬಂತು ಎಂದು ಕೇಳುವುದಿಲ್ಲ. ಇದನ್ನು ಹೇಳಿದಾಗ ಬೀಗಿತ್ತಿ ಮೊದಲ ಬಾರಿ ನಕ್ಕರು.

ಹತ್ತು ದಿನ ಕಳೆದು, ಇಷಾ ನಮಾಜಿನ ಹೊತ್ತಿಗೆ ಹುಡುಗಿಗೆ ನೀರು ಒಡೆಯಿತು. ಚೊಚ್ಚಲು, ಬೇನೆ ಇನ್ನೂ ಬಂದಿಲ್ಲ, ಬೆಳಗಾಗಲಿ ಎನ್ನುವುದು ನಮ್ಮಲ್ಲಿ ರೂಢಿ. ಅಂದು ಹಾಗೆ ಕಾಯಲಿಲ್ಲ. ಹಾಸನದ ಆಸ್ಪತ್ರೆ ತಲುಪಿದಾಗ ಕೈತುಂಬ ಕೆಲಸವಿದ್ದ ಸಿಸ್ಟರ್ ಕಾಗದದ ಮೇಲೆ ಕಣ್ಣಾಡಿಸಿ “ಬಿ ಪಾಸಿಟಿವ್, ಸರಿ” ಎಂದು ರಕ್ತದ ಗುಂಪಿನ ಜಾಗದಲ್ಲಿ ಬರೆಯಹೊರಟರು. ನಾನು ಬಾಯಿ ತೆರೆಯುವ ಮೊದಲೇ ಬೀಗಿತ್ತಿ ಮುಂದೆ ಬಂದರು: “ಅದು ರಕ್ತದ್ದಲ್ಲಮ್ಮ, ಜೀವಾಣುವಿಂದು. ಡ್ರಿಪ್ಪಿನಲ್ಲಿ ಇಂಜೆಕ್ಷನ್ ಹಾಕಬೇಕಂತೆ, ಡಾಕ್ಟರಿಗೆ ತೋರಿಸಿ.” ಡಾಕ್ಟರು ಓದಿದರು. ಹನ್ನೊಂದಕ್ಕೆ ಮೊದಲು ಮದ್ದು ಏರಿತು, ಮೂರರ ಸುಮಾರಿಗೆ ಎರಡನೆಯದು. ಫಜರ್ ಅಜಾನ್ ಆದ ಸ್ವಲ್ಪ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಎರಡು ದಿನ ಕಣ್ಣಿಟ್ಟು ನೋಡಿ ಮನೆಗೆ ಕಳಿಸಿದರು.

ಆ ಎರಡು ದಿನಗಳಲ್ಲಿ ಒಮ್ಮೆ, ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಬೀಗಿತ್ತಿ ತಮ್ಮ ಮೊದಲ ಮಗುವಿನ ಮಾತು ತೆಗೆದರು. ಮನೆಯಲ್ಲೇ ಹೆರಿಗೆ. ಎರಡನೆಯ ದಿನ ಮಗು ಹಾಲು ಹಿಡಿಯಲಿಲ್ಲ, ಉಸಿರು ಏದುಸಿರಾಯಿತು, ಸಂಜೆಗೆ ತೀರಿಕೊಂಡಿತು. ಹಿರಿಯರು ನಜರ್ ಎಂದರು. ಬಾಣಂತಿಯ ಕೋಣೆಗೆ ಕಾಲಿಟ್ಟಿದ್ದ ಪಕ್ಕದ ಮನೆಯವಳ ಜೊತೆ ಮಾತು ಬಿಟ್ಟರು. “ಅದು ಇದೇ ಇತ್ತಾ ಆಪಾ?” ಎಂದು ಕೇಳಿದರು. ಇದೇ ಎಂದು ಯಾರೂ ಹೇಳಲಾರರು, ಹಸುಗೂಸಿಗೆ ನಂಜೇರಲು ಕಾರಣಗಳು ಹಲವು ಎಂದೆ. ಆಕೆ ತಲೆಯಾಡಿಸಿ, “ಆ ಪಕ್ಕದ ಮನೆಯವಳೂ ಈಗಿಲ್ಲ” ಎಂದರು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಈ ಜೀವಾಣುವಿನಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಹಸುಗೂಸುಗಳು ಸಾಯುತ್ತವೆ. ಸುಮಾರು 46,000 ಮಕ್ಕಳು ಸತ್ತೇ ಹುಟ್ಟುತ್ತವೆ. ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲಿ ಮೊದಲ ವಾರದ ಈ ಕಾಯಿಲೆ ಸಾವಿರ ಜನನಕ್ಕೆ 1.8ರಷ್ಟಿತ್ತು. ಹೆರಿಗೆಯ ವೇಳೆ ಮದ್ದು ಕೊಡುವ ಕ್ರಮ ಬಂದು, 2002ರಿಂದ ಎಲ್ಲ ಗರ್ಭಿಣಿಯರಿಗೂ ಪರೀಕ್ಷೆಯ ಶಿಫಾರಸಾದ ಮೇಲೆ, 2015ರ ಹೊತ್ತಿಗೆ ಅದು 0.23ಕ್ಕೆ ಇಳಿಯಿತು. ನಮ್ಮಲ್ಲಿ ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆ ಮಾಡುವ ಕ್ರಮವಿಲ್ಲ. ಬ್ರಿಟನ್ನಿನಲ್ಲೂ ಎಲ್ಲರಿಗೂ ಮಾಡುವುದಿಲ್ಲ. ಹಾಗಾಗಿ ಪರೀಕ್ಷೆ ಆಗಿಲ್ಲ ಎಂದು ಗಾಬರಿ ಬೇಡ. ಆದರೆ ದಿನ ತುಂಬುವ ಮೊದಲೇ ಬೇನೆ ಬಂದರೆ, ನೀರು ಒಡೆದು 18 ಗಂಟೆ ಆಗುತ್ತಾ ಬಂದರೆ, ಹೆರಿಗೆಯ ವೇಳೆ ಜ್ವರ ಬಂದರೆ, ಹಿಂದಿನ ಮಗುವಿಗೆ ಈ ಕಾಯಿಲೆ ಬಂದಿದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಬೇಕು.

ಪರೀಕ್ಷೆ ಮಾಡುವುದು ಹತ್ತಿಯ ಕಡ್ಡಿಯಿಂದ, ಹೆರಿಗೆಯ ದಾರಿ ಮತ್ತು ಗುದದ್ವಾರದಿಂದ ಮಾದರಿ ತೆಗೆದು. ಎರಡು ನಿಮಿಷದ ಕೆಲಸ, ನೋವಿಲ್ಲ. ನಾಚಿಕೆಯಿಂದ ಬೇಡವೆನ್ನುವ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ. ಕಾಯಿಲೆಗೆ ಮದ್ದು ಮಾಡಿಕೊಳ್ಳಬೇಕೆಂಬ ಪ್ರವಾದಿಯವರ ಬೋಧನೆಯನ್ನು ಗಂಡಸರು ಕೇಳಿ ಬಂದರಷ್ಟೇ ಸಾಲದು. ಈ ನಾಚಿಕೆಯನ್ನು ಕಳೆಯುವ ಮಾತನ್ನು ಮನೆಯಲ್ಲೂ ಆಡಬೇಕು.

ಬಾಣಂತನದಲ್ಲೂ ಎಚ್ಚರ ಬೇಕು. ಡ್ರಿಪ್ಪಿನ ಮದ್ದು ಮೊದಲ ವಾರದ ಕಾಯಿಲೆಯನ್ನು ತಡೆಯುತ್ತದೆ. ಮೂರು ತಿಂಗಳ ತನಕ ತಡವಾಗಿ ಬರುವುದನ್ನು ತಡೆಯುವುದಿಲ್ಲ. ಮಗು ಹಾಲು ಹಿಡಿಯದಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ನರಳಿದರೆ, ಎಬ್ಬಿಸಿದರೂ ಏಳದಿದ್ದರೆ ತಾಯಿತ ಕಟ್ಟಿಸಿ ಕಾಯದೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕು.

ಈಗ ಇಂಥ ಕಾಗದ ಹಿಡಿದು ಯಾರೇ ಬರಲಿ, ನಾನು ಮೊದಲು ತಾಯಿ ಕಾರ್ಡು ತರಿಸುತ್ತೇನೆ. ಅದರ ಮುಂದಿನ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ: ‘ಜಿಬಿಎಸ್ ಇದೆ. ರಕ್ತದ ಗುಂಪಲ್ಲ. ಬೇನೆ ಬಂದ ಕೂಡಲೇ ಆಂಟಿಬಯೋಟಿಕ್ ಡ್ರಿಪ್.’ ಹೆರಿಗೆಗೆ ಜೊತೆಯಲ್ಲಿ ಹೋಗುವ ಹೆಂಗಸಿನಿಂದ ಆ ಮೂರು ಸಾಲನ್ನು ಎರಡು ಬಾರಿ ಬಾಯಲ್ಲಿ ಹೇಳಿಸಿ ಕಳಿಸುತ್ತೇನೆ.